ಮೂರನೆಯ ಡಿಸ್ಕಿನ ದನಿಗಳು

ದ್ವೀಪದ ಊರಾದ ಕಾಸ್ತ್ರೊದ ನಮ್ಮ ರೇಡಿಯೊ ಕೇಂದ್ರದಲ್ಲಿ ಎಡೆಲ್ಮಿರಾ ಕಾರ್ಕಮೊ ಮೂವತ್ತೊಂದು ವರ್ಷ ದುಡಿದರು. ಶುರುವಿನಲ್ಲಿ ದ್ವೀಪದವರ ಸಂದೇಶಗಳನ್ನು ಟೈಪ್ ಮಾಡುವ ಕೆಲಸ. ಲೆಮುಯ್ ದ್ವೀಪದ ರೊಸಾಲ್ಬಾಗೆ: ಗುರುವಾರದ ದೋಣಿಗೆ ಮಗಳು ಬರುತ್ತಾಳೆ, ದಡಕ್ಕೆ ಕುದುರೆ ಕಳಿಸಿ. ಮಧ್ಯಾಹ್ನ ಇಂಥವನ್ನು ಓದುವಾಗ ಒಲೆಯ ಸುತ್ತ ಕೂತವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಈಗ ಎಲ್ಲರ ಜೇಬಿನಲ್ಲೂ ಫೋನು, ಯಾರಿಗೂ ಯಾರ ಸುದ್ದಿಯೂ ಬೇಡ.

ಆ ಓದು ದಾಖಲಾಗಿದ್ದ ಟೇಪುಗಳಿಗೆ ಬೂಷ್ಟು ಹಿಡಿದಾಗ ಎಡೆಲ್ಮಿರಾ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದರು. ಎಲ್ಲ ಸೇರಿದ್ದು ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿಗೆ ಜೋಡಿಸಿದ್ದ ಕಬ್ಬಿಣದ ಪೆಟ್ಟಿಗೆಗೆ. ಅದರಲ್ಲಿ ಹನ್ನೆರಡು ಡಿಸ್ಕುಗಳನ್ನು ಒಂದಾಗಿ ಕೂಡಿಸಿ, ಆ ಜಾಗವನ್ನೇ ಲೆಕ್ಕಕ್ಕೆ ಬೇರೆ ಬೇರೆ ನಂಬರಿನ ಡಿಸ್ಕುಗಳಾಗಿ ಹಂಚಿದ್ದರು. ಮೂರನೆಯದರಲ್ಲಿ ಸಂದೇಶಗಳು. ಟೇಪುಗಳನ್ನು ಆಗಲೇ ಎಸೆದಾಗಿತ್ತು. ಆ ದನಿಗಳು ಬೇರೆಲ್ಲೂ ಇರಲಿಲ್ಲ.

ನಾನು ಅಲ್ಲಿ ಕರೆಂಟು, ಜನರೇಟರ್ ನೋಡಿಕೊಳ್ಳುವವನು. ಓದಿದ್ದು ಆರನೇ ಕ್ಲಾಸು. ಡಿಸ್ಕ್ ಕಾಪಿ ಮಾಡುವಾಗಲೆಲ್ಲ ಎಡೆಲ್ಮಿರಾ ನನ್ನನ್ನು ಕರೆದು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ತಾವು ಪರದೆಗೆ ಬೆನ್ನು ಹಾಕಿ ತಮ್ಮ ಚೀಟಿ ನೋಡುತ್ತಿದ್ದರು. ಇದೇನು ಮಕ್ಕಳಾಟ ಎಂದು ಒಮ್ಮೆ ಕೂಗಾಡಿದ್ದೆ.

"ತಿಳಿದೋರು ತಮ್ಮ ತಲೇಲಿರೋದನ್ನ ಓದ್ತಾರೆ ಮೇಸ್ತ್ರಿ. ನೀನು ಅಲ್ಲಿರೋದನ್ನ ಓದ್ತೀಯ," ಎಂದರು. ಹೊಗಳಿದ್ದೋ ಬೈದದ್ದೋ, ಇವತ್ತಿಗೂ ಗೊತ್ತಿಲ್ಲ.

ಆ ಪೆಟ್ಟಿಗೆಯಲ್ಲಿ ಡಿಸ್ಕುಗಳು ಒಂದಾದ ಮೇಲೊಂದು ಕೆಡತೊಡಗಿದವು. ರಾಜಧಾನಿ ಸಾಂತಿಯಾಗೊದಿಂದ ಎಫ್ರಾಯಿನ್ ಎಂಬ ಎಂಜಿನಿಯರ್ ಹೊಸ ಪೆಟ್ಟಿಗೆ ತಂದ. ಸಂಜೆಯ ಬಸ್ಸು ಹಿಡಿಯುವ ಅವಸರ ಅವನಿಗೆ. ಕಾರ್ಯಕ್ರಮ ದಾಖಲಾಗುತ್ತಿರಲಿ, ಜೊತೆಗೇ ಕಾಪಿಯೂ ಆಗುತ್ತದೆ ಎಂದ. ಬರೆಯುತ್ತಿರುವ ಕಾಗದವನ್ನು ಯಾರು ನಕಲು ಮಾಡುತ್ತಾರೆ ಎಂದು ಎಡೆಲ್ಮಿರಾ ದಾಖಲಾತಿಯನ್ನು ನಿಲ್ಲಿಸಿಬಿಟ್ಟರು. ಹೊಸ ಪೆಟ್ಟಿಗೆಯ ಖಾಲಿ ಡಿಸ್ಕು ಏಳನೆಯದು. ಮೂರರಿಂದ ಏಳಕ್ಕೆ ಎಂದು ಚೀಟಿಯಲ್ಲಿ ಬರೆದುಕೊಂಡರು.

ಎಫ್ರಾಯಿನ್ ಟಪಟಪ ಒತ್ತಿದ. ನಾನು ಓದಿದೆ: "ಎಲ್ಲಿಂದ, ಏಳು. ಎಲ್ಲಿಗೆ, ಮೂರು."

"ಇನ್ನೊಂದ್ಸಲ ಓದು."

ನನಗೆ ರೇಗಿತು. "ನಂಗೇನು ಕಣ್ಣಿಲ್ವಾ ದೋನ್ಯಾ ಎಡೆಲ್ಮಿರಾ? ಏಳರಿಂದ ಮೂರಕ್ಕೆ. ಗಿಟಾರ್ ತಂದ್ರೆ ಹಾಡೇ ಹೇಳ್ತೀನಿ."

ಎಡೆಲ್ಮಿರಾ ತಿರುಗಿ ಎಫ್ರಾಯಿನನ ಮಣಿಕಟ್ಟು ಹಿಡಿದರು. ಇನ್ನೊಂದು ಗುಂಡಿ ಒತ್ತಿದ್ದರೆ ಖಾಲಿ ಡಿಸ್ಕು ಬಂದು ಎಲ್ಲ ದನಿಗಳ ಮೇಲೆ ಕೂರುತ್ತಿತ್ತು.

"ಬಸ್ಸು ನಾಳೆನೂ ಇರತ್ತೆ ಎಂಜಿನಿಯರ್ರೇ. ಕೈ ತೆಗೀರಿ."

ಅವನ ಕಿವಿ ಕೆಂಪಾಯಿತು. ತಿದ್ದಿದ. ನಾನು ಮತ್ತೆ ಓದಿದೆ. ಈ ಸಲ ಚೀಟಿಗೆ ತಾಳೆಯಾಯಿತು.

ಕಾಪಿ ಮುಗಿದೊಡನೆ ಹಳೆಯದನ್ನು ಅಳಿಸೋಣ ಎಂದ. ಎಡೆಲ್ಮಿರಾ ಒಪ್ಪಲಿಲ್ಲ. ನಕಲು ತೆರೆಯಬೇಕು, ಪ್ರತಿ ವರ್ಷದ್ದೂ ಒಂದಿಷ್ಟು ಕೇಳಬೇಕು, ಆಮೇಲೆ ಅಳಿಸುವ ಮಾತು. ಅವನ ಬಸ್ಸು ಹೋಯಿತು. ಮೂವರೂ ಕೂತು ಮಿಲ್ಕಾವೊ ಎಂಬ ಬಿಸಿ ಆಲೂಗಡ್ಡೆ ರೊಟ್ಟಿ ತಿನ್ನುತ್ತ ಕೇಳಿದೆವು. ಸತ್ತ ಉದ್ಘೋಷಕನ ಕೆಮ್ಮು, ಯಾರದೋ ಮದುವೆಯ ಕರೆ, ಕಳೆದುಹೋದ ಹಂದಿ.

ಎಂಬತ್ತೆಂಟನೇ ಇಸವಿ ಬಂತು. "ಗ್ವೈತೆಕಾಸ್‌ನಲ್ಲಿ ಮರ ಕಡಿಯುತ್ತಿರುವ ನೆಲ್ಸನ್ ಬಾರ್ರಿಯಾಗೆ: ಆಲೂಗಡ್ಡೆ ಕೀಳುವ ಹೊತ್ತಿಗೆ ಬಾ. ಅಮ್ಮ ಕೇಳುತ್ತಿದ್ದಾಳೆ."

ನೆಲ್ಸನ್ ಎಂದರೆ ನಾನೇ. ಆಗ ಕಾಡಿನಲ್ಲಿದ್ದೆ, ಈ ಮಾತು ನನಗೆ ಮುಟ್ಟಿರಲೇ ಇಲ್ಲ. ನಾನು ಊರಿಗೆ ಬಂದದ್ದು ಅಮ್ಮನನ್ನು ಮಣ್ಣು ಮಾಡಿದ ಮೇಲೆ.

ಎಡೆಲ್ಮಿರಾ ಅದನ್ನು ಇನ್ನೊಮ್ಮೆ ಹಾಕಿದರು. ಆಮೇಲೆ ಚೀಟಿಯಲ್ಲಿ ಎಂಬತ್ತೆಂಟರ ಎದುರು ಗುರುತು ಮಾಡಿ, ಎಂಬತ್ತೊಂಬತ್ತನ್ನು ತೆರೆದರು.