ಫಕ್ರುನ್ನಿಸಾಳ ಮೆತ್ತನೆ ಬಟ್ಟೆ

ಖಾನಾಪುರದಲ್ಲಿ ಪಾರ್ಲರ್ ನಡೆಸುವ ಫಕ್ರುನ್ನಿಸಾಗೆ ಟವಲ್ ಕಂಡರೆ ಸಿಟ್ಟು. ಅಲೆಅಲೆಯಾದ ಕೂದಲನ್ನು ಟವಲಿನಲ್ಲಿ ತಿಕ್ಕಿದರೆ ತೆಂಗಿನ ನಾರಾಗುತ್ತದೆ ಎನ್ನುವುದು ಅವಳ ಇಪ್ಪತ್ತು ವರ್ಷದ ಅನುಭವ. ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದುಕೊಂಡು ಬಂದವರಿಗಂತೂ ಮೊದಲು ಬೈಗುಳ, ಆಮೇಲೆ ಕುರ್ಚಿ.

ಬೆಳಗಾವಿಯಿಂದ ಬಂದ ಶರ್ವರಿಯೂ ಬೈಸಿಕೊಂಡಳು. "ಕೂದಲಾ ಕತ್ತರಿಸಾಕ ಬಂದೀಯೋ, ಕನ್ಯಾ ತೋರಸಾಕೋ? ಇಷ್ಟು ಬಿಗದ್ರ ಕೂದಲದಾಗ ಅಲೆ ಎಲ್ಲಿ ಏಳತೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಫಕ್ರುನ್ನಿಸಾ ತಲೆ ತೊಳೆದು, ಮೆತ್ತನೆಯ ಬಿಳಿ ಬಟ್ಟೆಯಿಂದ ನೀರು ಹಿಂಡಿ, ಕೂದಲು ಒಣಗಿ ಅಲೆ ಎದ್ದ ಮೇಲೆಯೇ ಕತ್ತರಿ ಹಿಡಿದಳು.

ಕನ್ನಡಿ ನೋಡಿ ಶರ್ವರಿ ಹಿಗ್ಗಿದಳು. "ಆಪಾ, ಈ ಬಟ್ಟಿ ಎಲ್ಲಿ ಸಿಗತೈತ್ರಿ?"

"ಅಂಗಡ್ಯಾಗ ಸಿಗಂಗಿಲ್ಲ. ನಮ್ಮ ಮನಿಯವರು ಎರಡು ವರ್ಷ ಹಾಕ್ಕೊಂಡು ಮೆತ್ತಗ ಮಾಡಿದ ಬನಿಯನ್ ಇದು."

ಶರ್ವರಿ ಗಾಬರಿಯಿಂದ ತಲೆ ಮುಟ್ಟಿಕೊಂಡಳು. ಆದರೂ ಮೂರು ತಿಂಗಳ ಮೇಲೆ ಮತ್ತೆ ಬಂದಾಗ ತನ್ನ ಗಂಡನದೇ ಒಂದು ಬನಿಯನ್ ಒಗೆದು, ಮಡಚಿ ತಂದಿದ್ದಳು.

ಫಕ್ರುನ್ನಿಸಾ ಅದನ್ನು ಬೆರಳ ನಡುವೆ ತಿಕ್ಕಿ ನೋಡಿ ತಿರುಗಿ ಕೊಟ್ಟಳು.

"ಇನ್ನೂ ಹದಕ್ಕ ಬಂದಿಲ್ಲ. ಇನ್ನೊಂದಾರು ತಿಂಗಳ ಹಾಕ್ಕೋ ಅಂತ ಹೇಳು ಅವಗ."