ಜುಲ್ಫಿಕರ್ ಸಾಬರ ಬಟ್ಟಲುಗಳು
ಮುಳಬಾಗಿಲಿನ ಜುಲ್ಫಿಕರ್ ಸಾಬರು ಕೆಟ್ಟ ರಕ್ತ ಎಳೆಯುವ ಹಿಜಾಮದ ಗಾಜಿನ ಬಟ್ಟಲುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರೆಂದರೆ ದಂಡು ಹೊರಟಿತೆಂದೇ ಅರ್ಥ. ನರಸಾಪುರದ ಕಂಪನಿಗಳಲ್ಲಿ ಪಾಳಿ ಮುಗಿಸಿ ಬಂದ ಬೆನ್ನುಗಳ ಮೇಲೆ ಅವನ್ನು ಕೂರಿಸಿ, ಗಾಳಿ ಎಳೆದು, ಉಬ್ಬಿದ ಚರ್ಮವನ್ನು ಬ್ಲೇಡಿನಿಂದ ನವಿರಾಗಿ ಗೀರಿ, ಕಪ್ಪು ರಕ್ತ ಬಟ್ಟಲಿಗಿಳಿದಾಗ ಕೋಟೆ ಗೆದ್ದವರಂತೆ ಗಡ್ಡ ನೀವಿಕೊಳ್ಳುತ್ತಾರೆ. "ನೋಡೋ ಶಿವಕುಮಾರ, ನಿನ್ನ ಸೂಪರ್‌ವೈಸರ್ ಬೈದಿದ್ದೆಲ್ಲ ಇಲ್ಲೇ ಹೆಪ್ಪುಗಟ್ಟಿತ್ತು." "ಇನ್ನೊಂದು ಬಟ್ಲು ಇಡಿ ಸಾಬ್ರೇ, ಓಟಿ ಮಾಡ್ಸಿದ್ದು ಅಲ್ಲೇ ಕೂತೈತೆ." ಆದರೆ ಬ್ಲೇಡು ಹಿಡಿಯುವ ಮುನ್ನ, ಶುಗರ್ ಇದೆಯೇ ಎಂದು ಪೊಲೀಸರಂತೆ ಮೂರು ಸಲ ಕೇಳುತ್ತಾರೆ, ಇದ್ದವರನ್ನು ಬಾಗಿಲಿಂದಲೇ ಆಸ್ಪತ್ರೆಗೆ ಅಟ್ಟುತ್ತಾರೆ. ಇಷ್ಟು ವರ್ಷದಲ್ಲಿ ಅವರು ಈ ಪ್ರಶ್ನೆ ಕೇಳದೆ ಬಿಟ್ಟಿದ್ದು ಒಬ್ಬರನ್ನು ಮಾತ್ರ, ಅಣ್ಣ ರಹಮತ್ತುಲ್ಲಾ ಅವರನ್ನು. ತಂದೆಯ ಜಾಗದಲ್ಲಿ ನಿಂತು ಸಾಕಿದ ಹಿರಿಯರನ್ನು ವಿಚಾರಣೆ ಮಾಡುವುದು ಮರ್ಯಾದೆಗೇಡೆಂದು ಸುಮ್ಮನೆ ಅವರ ಮೀನಖಂಡಕ್ಕೆ ಗೀರಿದ್ದರು. ಗಾಯ ಮಾಯಲಿಲ್ಲ, ಕೊಳೆಯಿತು. ಕೊನೆಗೆ ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ಕಾಲನ್ನೇ ತೆಗೆದರು. ಈಗ ಅಣ್ಣ ದಿನವೂ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಬಂದವರಿಗೆಲ್ಲ ಮೋಟುಗಾಲು ತೋರಿಸುತ್ತಾರೆ. "ಆಸ್ಪತ್ರೆ ನಂಬ್ಕೊಂಡು ಕೆಟ್ಟೆ ಕಣಪ್ಪ. ನಮ್ಮ ತಮ್ಮನ ಕೈಲೇ ಬಿಟ್ಟಿದ್ರೆ ಇವತ್ತು ನಡ್ಕೊಂಡು ಓಡಾಡ್ತಿದ್ದೆ. ಅಂಥಾ ಕೈಗುಣ ಅವನದು." ಕೇಳಿದವರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಸಾಲು ಬೆಳೆಯುತ್ತದೆ. ನಿಜ ಹೇಳಲು ಜುಲ್ಫಿಕರ್ ಸಾಬರು ಎಷ್ಟೋ ಸಲ ಬಾಯಿ ತೆರೆದಿದ್ದಾರೆ. ಆದರೆ ಅಣ್ಣನ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವಿಲ್ಲ. ತೆರೆದ ಬಾಯಿಂದ ಮುಂದಿನವರನ್ನು ಕರೆಯುತ್ತಾರೆ.