ಎಮ್ಮೆಗೂ ಮಾವನಿಗೂ ಒಂದೇ ಕಷಾಯ

ನಾನು ಸುರೇಬಾನದಿಂದ ಮುರಗೋಡಕ್ಕೆ ಸೊಸೆಯಾಗಿ ಬಂದ ವರ್ಷವೇ ಊರಿಗೆ ಪ್ಲೇಗು ಬಿತ್ತು. ಮಳೆಗಾಲವೆಲ್ಲ ಹೊಲದ ಗುಡಿಸಲಿನಲ್ಲಿದ್ದು ಮನೆಗೆ ಮರಳಿದೆವು. ಅಷ್ಟರಲ್ಲಿ ನೆಲದೊಳಗೆ ಜೋಳ ತುಂಬಿಟ್ಟಿದ್ದ ಹಗೇವಿಗೆ ನೀರು ಇಳಿದಿತ್ತು. ಬಾಯಿ ತೆಗೆದರೆ ಕಾಳು ಹಸಿರು ಬೂಷ್ಟು ಹಿಡಿದು ಹೆಂಟೆಗಟ್ಟಿತ್ತು. ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೆ.

“ತಿಪ್ಪಿಗೆ ಹಾಕ್ರಿ,” ಅಂದರು ಅತ್ತೆ.

“ಅನ್ನಾ ತಿಪ್ಪಿಗೆ ಹಾಕ್ತಾರೇನು? ಒಣಗಿಸಿ ಎಮ್ಮಿಗೆ ಹಾಕೂಣು,” ಅಂದರು ಮಾವ. ಅವರು ಅಂದಮೇಲೆ ಮುಗಿಯಿತು.

ಅದನ್ನು ತಿನ್ನತೊಡಗಿದ ಮೂರನೆಯ ದಿನಕ್ಕೆ ಎಮ್ಮೆಯ ಹಾಲು ಚರಿಗೆಯ ತಳ ಮುಚ್ಚಲಿಲ್ಲ. ನಾಲ್ಕನೆಯ ದಿನ ನೀರು ಕುಡಿದು ಬರುವಾಗ ಎಮ್ಮೆ ಅಡ್ಡಡ್ಡ ನಡೆದು, ನಮ್ಮ ಮನೆ ಬಿಟ್ಟು ಎದುರುಮನೆಗೆ ನುಗ್ಗಿತು. ಅಲ್ಲಿ ಹೆಣ್ಣು ನೋಡಲು ಬೈಲಹೊಂಗಲದ ಬೀಗರು ಬಂದು ಕುಂತಿದ್ದರು. ಎಮ್ಮೆ ಅವರ ಕಂಬಳಿಯ ಮೇಲೇ ಮಲಗಿತು. ಬೀಗರೆಲ್ಲ ಗೋಡೆಗೆ ಅಂಟಿ ನಿಂತರು.

“ನಿಮ್ಮ ಎಮ್ಮಿ ಸೆರೆ ಕುಡದೈತೇನ್ರಿ?” ಎಂದು ಆ ಮನೆಯ ಯಜಮಾನ ಕೂಗಿದ.

“ದೃಷ್ಟಿ ಆಗೇತಿ,” ಎಂದ ಮಾವ ಅಲ್ಲೇ ಒಣಮೆಣಸಿನಕಾಯಿ ಸುಟ್ಟು ನಿವಾಳಿಸಿದರು. ಬೀಗರು ಕೆಮ್ಮುತ್ತ ಬೀದಿಗೆ ಓಡಿದರು. ಎಮ್ಮೆ ಮಾತ್ರ ಏಳಲಿಲ್ಲ. ಕಡೆಗೆ ಎಂಟು ಮಂದಿ ಹಗ್ಗ ಹಾಕಿ ನಮ್ಮ ದನದ ಕೊಟ್ಟಿಗೆಗೆ ಎಳೆದುತಂದರು.

“ದೃಷ್ಟಿ ಅಲ್ಲರಿ, ಜೋಳ,” ಅಂದರು ಅತ್ತೆ.

“ಜೋಳಕ್ಕೇನಾಗೇತಿ? ನಾನ ತಿಂದು ತೋರಸ್ತೇನಿ!”

ಅದೇ ಜೋಳದ ರೊಟ್ಟಿ ಬಡಿಯಲು ನನಗೆ ಹೇಳಿದರು. ಹಿಟ್ಟು ಬೂದಿಯ ಬಣ್ಣಕ್ಕಿತ್ತು. ಮುಖ ಆಚೆ ತಿರುಗಿಸಿಕೊಂಡೇ ಬಡಿದೆ. ಮಾವ ಎರಡು ರೊಟ್ಟಿ ತಿಂದು, ಕಣ್ಣಲ್ಲಿ ನೀರಾಡುತ್ತಿದ್ದರೂ, “ಸಕ್ಕರಿ ಆಗೇತಿ,” ಅಂದರು. ಹೊತ್ತು ಇಳಿಯುವುದರೊಳಗೆ ವಾಂತಿ ಶುರುವಾಯಿತು. ತಂಪಾಗಿದೆ ಅಂತ ಕೊಟ್ಟಿಗೆಗೇ ಹೋಗಿ ಎಮ್ಮೆಯ ಪಕ್ಕದಲ್ಲಿ ಗೋಣಿತಟ್ಟು ಹಾಸಿ ಮಲಗಿದರು.

ಎಮ್ಮೆಗೆಂದು ಕರೆಸಿದ್ದ ವೈದ್ಯ ಮೊದಲು ಅದರ ಕಣ್ಣು ನೋಡಿ, ಆಮೇಲೆ ಮಾವನ ಕೈ ಹಿಡಿದ. “ಇಬ್ಬರದೂ ಒಂದ ಜಡ್ಡು, ಔಷಧಾನೂ ಒಂದ. ಅದಕ್ಕ ಒಂದು ಕೊಡ, ಇವರಿಗೆ ಒಂದು ಬಟ್ಟಲ.”

ಎಮ್ಮೆಗೆ ಬಿದಿರಿನ ಗೊಟ್ಟದಿಂದ ಕಷಾಯ ಕುಡಿಸಿದ್ದಾಯಿತು. ಮಾವ ಗೋಡೆ ಕಡೆ ಮುಖ ತಿರುಗಿಸಿದರು. ಅತ್ತೆ ಆ ಗೊಟ್ಟ ಹಿಡಿದೇ ಅವರ ಮುಂದೆ ಕುಂತರು.

“ಏನ್ರಿ, ಬಟ್ಟಲದಾಗ ಕುಡೀತೀರೋ, ಇದರಾಗ ಕುಡಸ್ಲೋ?”

ಮಾವ ಎದ್ದು ಕುಂತು ಗಟಗಟ ಕುಡಿದರು. ನಾನು ಅಡುಗೆಮನೆಗೆ ಓಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಹಿಂದೆಯೇ ಬಂದ ಅತ್ತೆಯೂ ಒಲೆಯ ಮುಂದೆ ಕುಸಿದು ನಕ್ಕರು. ಅಲ್ಲಿಯತನಕ ನನಗೆ ಅವರೆಂದರೆ ಭಯ.

ಮಾವ ಮರುದಿನವೇ ಎದ್ದರು, ಎಮ್ಮೆಗೆ ವಾರ ಹಿಡಿಯಿತು. ಆ ವಾರದ ಹಾಲನ್ನು ಅತ್ತೆ ಯಾರಿಗೂ ಕೊಡದೆ ಚೆಲ್ಲಿಸಿದರು. ಉಳಿದ ಜೋಳವನ್ನು ಮಾವ ತಾವೇ ಹೊತ್ತೊಯ್ದು ಹೊಲದಲ್ಲಿ ಆಳವಾಗಿ ಹುಗಿದರು. ಎಷ್ಟೋ ದಿನ, ಗಂಗಾಳಕ್ಕೆ ಬಿದ್ದ ರೊಟ್ಟಿಯನ್ನು ಮುರಿದು, ಯಾರೂ ನೋಡದಂತೆ ಮೂಸಿ ತಿನ್ನುತ್ತಿದ್ದರು. ಅತ್ತೆ ನೋಡದವರಂತೆ ಬೆಣ್ಣೆ ಬಡಿಸುತ್ತಿದ್ದರು.